ಮಧ್ಯಾಹ್ನದ ಮುಖ್ಯ ಅತಿಥಿ

ಸನ್ಮಾನ ಮಾಡುವ ಹುಚ್ಚು ನಮ್ಮವರನ್ನು ಸಮುದ್ರ ದಾಟಿದರೂ ಬಿಟ್ಟಿಲ್ಲ. ಶಾಲು, ಹಾರ, ಹಣ್ಣಿನ ಬುಟ್ಟಿ, ಮೈಸೂರು ಪೇಟ ಸಿದ್ಧವಾದರೆ ಸಾಕು, ಒಂದು ತಲೆ ಹುಡುಕಿಕೊಂಡು ಹೊರಡುತ್ತೇವೆ. ಆ ವರ್ಷದ ರಾಜ್ಯೋತ್ಸವಕ್ಕೆ ಅಮೆರಿಕದ ಸುವಾನಿ ಊರಿನ ನಮ್ಮ ಕನ್ನಡ ಸಂಘದ ಕೈಗೆ ಸಿಕ್ಕಿದ್ದು ನನ್ನ ಪಕ್ಕದ ಮನೆಯವರ ತಲೆ.

ಅವರು ಅಮೆರಿಕನ್ ಫುಟ್‌ಬಾಲ್ ಆಡಿ ನಿವೃತ್ತರಾದವರು. ಸೌತ್ ಕೆರೊಲಿನಾದ ಸಣ್ಣ ಊರಿನಲ್ಲಿ ಹುಟ್ಟಿ, ವಾಷಿಂಗ್ಟನ್ನಿನಲ್ಲಿ ಹಲವು ವರ್ಷ ಆಡಿ, ಶಾರ್ಲೆಟ್‌ನಲ್ಲಿ ಮಂಡಿ ಮುರಿದುಕೊಂಡು ಆಟ ಮುಗಿಸಿದ್ದರು. ಚೆಂಡು ಅವರ ಕೈಗೆ ಬಂದದ್ದೇ ಅಪರೂಪವಂತೆ. ಮುಂದಿನ ಸಾಲಿನಲ್ಲಿ ನಿಂತು, ಆಟ ಶುರುವಾದಾಗಲೆಲ್ಲ ಎದುರಿನವನಿಗೆ ಡಿಕ್ಕಿ ಹೊಡೆದು ತಡೆಯುವುದೇ ಅವರ ಉದ್ಯೋಗ. 2020ರಲ್ಲಿ ಊರೆಲ್ಲ ಮನೆ ಸೇರಿದಾಗ ಬೇಲಿಯ ಈಚೆಗೊಬ್ಬಳು ಆಚೆಗೊಬ್ಬರು ನಿಂತು ನಮಗೆ ಪರಿಚಯವಾಯಿತು. ನನ್ನ ಟೊಮೇಟೊ ಗಿಡಗಳಿಗೆ ಬೆಳಿಗ್ಗೆ ಬುದ್ಧಿ ಹೇಳುತ್ತಿದ್ದ ಮನುಷ್ಯ ಸಂಜೆ ಅದೇ ಗಿಡ ನೋಡಿ, ಇದೇನು ಎಂದು ಕೇಳುತ್ತಿದ್ದರು. ಮೊದಮೊದಲು ತಮಾಷೆ ಎಂದುಕೊಂಡು ನಾನೂ ನಗುತ್ತಿದ್ದೆ.

"ಬೆಳಗಿನ ಹೊತ್ತು ಅವರು ಅವರಾಗಿಯೇ ಇರ್ತಾರೆ," ಎಂದು ಅವರ ಹೆಂಡತಿ ಒಂದು ದಿನ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದರು. "ಮಧ್ಯಾಹ್ನ ಆದ್ರೆ ಮಾತು ಕೈಕೊಡುತ್ತೆ. ತಲೆಗೆ ಬಿದ್ದ ಪೆಟ್ಟುಗಳು."

ಸಂಘದ ಆಹ್ವಾನವನ್ನು ಅವರು ಒಪ್ಪಿದ್ದು ಶಾಲಿನ ಆಸೆಗಲ್ಲ. ನಮ್ಮವರ ಮಕ್ಕಳೂ ಹೆಲ್ಮೆಟ್ ಹಾಕಿ ಮೈದಾನಕ್ಕೆ ಇಳಿಯುತ್ತಿದ್ದುದನ್ನು ಅವರು ಕಂಡಿದ್ದರು. ಆ ತಂದೆತಾಯಿಯರಿಗೆ ಒಂದು ಮಾತು ಹೇಳಬೇಕಿತ್ತು, ಹೇಳುವ ಶಕ್ತಿ ಇರುವಾಗಲೇ ಹೇಳಬೇಕಿತ್ತು. ಪ್ರತಿದಿನ ಬೆಳಿಗ್ಗೆ ಹೆಂಡತಿಯ ಮುಂದೆ ನಿಂತು ಅಭ್ಯಾಸ ಮಾಡಿದರು.

ನಾನು ಸಂಘದ ಅಧ್ಯಕ್ಷನಿಗೆ ಫೋನ್ ಮಾಡಿ ಹೇಳಿದೆ. "ನೋಡಪ್ಪಾ, ಹನ್ನೊಂದರೊಳಗೆ ಅವರ ಮಾತು ಮುಗೀಬೇಕು. ಆಮೇಲೆ ಅವರ ಕೈಲಿ ಆಗಲ್ಲ."

"ಡೋಂಟ್ ವರಿ ಆಂಟಿ, ಹತ್ತೂವರೆಗೆ ಶಾರ್ಪ್ ಸ್ಟಾರ್ಟ್ ಮಾಡ್ತೀವಿ. ಅವರದ್ದೇ ಫಸ್ಟ್."

ಹತ್ತೂವರೆಗೆ ಶಾಲೆಯ ಸಭಾಂಗಣದಲ್ಲಿ ನಾವು ಮೂವರು ಮತ್ತು ಮೈಕ್ ಪರೀಕ್ಷೆ ಮಾಡುವವನು ಇದ್ದೆವು. ಆಮೇಲೆ ಜನ ಬಂದರು, ತಿಂಡಿ ತಿಂದರು. ಪ್ರಾರ್ಥನೆ, ದೀಪ, ಸ್ವಾಗತ. ಮನೆ ಮಾರುವ ಪ್ರಾಯೋಜಕನೊಬ್ಬ ಮಾತೃಭಾಷೆಯ ಮೇಲೆ ಇಂಗ್ಲಿಷಿನಲ್ಲಿ ಭಾಷಣ ಬಿಗಿದ. ನಾನು ಎದ್ದು ಹೋಗಿ ಅಧ್ಯಕ್ಷನ ತೋಳು ಹಿಡಿದು ಗಡಿಯಾರ ತೋರಿಸಿದೆ. "ಚೀಫ್ ಗೆಸ್ಟ್‌ನ ಮೊದಲೇ ಮುಗಿಸಿದ್ರೆ ಜನ ಎದ್ದು ಹೋಗ್ತಾರೆ ಆಂಟಿ. ಲಂಚ್‌ಗೆ ಮುಂಚೆ ಗ್ಯಾರಂಟಿ," ಎಂದ. ನನ್ನ ಮೈ ಉರಿಯಿತು. ವಾಪಸು ಬಂದು ಕೂತರೆ ಪಕ್ಕದಲ್ಲಿ ಅವರು ತುಟಿಯಲ್ಲೇ ತಮ್ಮ ಭಾಷಣ ಹೇಳಿಕೊಳ್ಳುತ್ತಿದ್ದರು. ಮಕ್ಕಳ ಮೂರನೆಯ ನೃತ್ಯದ ಹೊತ್ತಿಗೆ ತುಟಿ ನಿಂತಿತು.

ಅವರನ್ನು ವೇದಿಕೆಗೆ ಕರೆದಾಗ ಒಂದೂವರೆ ದಾಟಿತ್ತು. ಹೊರಗಿನಿಂದ ಬಿಸಿಬೇಳೆಬಾತಿನ ವಾಸನೆ ಬರುತ್ತಿತ್ತು. ಶಾಲು ಹೊದಿಸಿದರು. ಪೇಟ ಅವರ ತಲೆಗೆ ಚಿಕ್ಕದಾಯಿತು. ಅಧ್ಯಕ್ಷ ನಗುನಗುತ್ತ ಎರಡು ಕೈಯಲ್ಲೂ ಅದನ್ನು ಒತ್ತಿದ. ಅವರು ಬೆಚ್ಚಿ ಎರಡು ತೋಳು ಎತ್ತಿ ತಲೆ ಮುಚ್ಚಿಕೊಂಡರು. ಸಭೆ ಅದನ್ನು ವಿನಯವೆಂದು ತಿಳಿದು ಚಪ್ಪಾಳೆ ಹೊಡೆಯಿತು. ಅವರ ಹೆಂಡತಿ ಕುರ್ಚಿಯಿಂದ ಅರ್ಧ ಎದ್ದವರು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದರು.

ಮೈಕಿನ ಮುಂದೆ ನಿಂತು ಅವರು ಬಹಳ ಹೊತ್ತು ನಮ್ಮನ್ನು ನೋಡಿದರು. "ನಿಮ್ಮ ಹುಡುಗರು," ಎಂದರು. ಮತ್ತೆ, "ನಿಮ್ಮ ಹುಡುಗರು..." ಎಂದರು. ಕೊನೆಗೆ ಥ್ಯಾಂಕ್ಯೂ ಎಂದು ಹಿಂದೆ ಸರಿದರು. ಎಷ್ಟು ಸರಳ ಮನುಷ್ಯ ನೋಡಿ ಎಂದು ಅಧ್ಯಕ್ಷ ಮೈಕಿನಲ್ಲಿ ಹೊಗಳಿ, ತನ್ನ ಮಗನನ್ನು ವೇದಿಕೆಗೆ ಕರೆದ. ಮೂರನೆಯ ಕ್ಲಾಸಿನ ಹುಡುಗ. ಕೈಯಲ್ಲಿ ತನ್ನ ಹೊಸ ಹೆಲ್ಮೆಟ್ ಇತ್ತು. ಅವರು ಪೆನ್ನು ತೆಗೆದುಕೊಂಡು ಒಂದಿಷ್ಟೂ ತಡವರಿಸದೆ ಅದರ ಮೇಲೆ ಸಹಿ ಹಾಕಿದರು. ಆ ಫೋಟೊ ಸಂಘದ ವಾಟ್ಸಾಪ್ ಗುಂಪಿನಲ್ಲಿ ವಾರವಿಡೀ ಓಡಾಡಿತು. ಅದರ ಕೆಳಗೆ ನಾನು ಅವರು ಹೇಳಬೇಕೆಂದಿದ್ದುದನ್ನು ಬರೆದೆ. ಕೈಮುಗಿದ ಚಿತ್ರಗಳು ಬಂದವು. ಹುಡುಗನ ಫುಟ್‌ಬಾಲ್ ಅಭ್ಯಾಸ ನಿಲ್ಲಲಿಲ್ಲ.

ಆ ಜನರ ಮೇಲಿನ ಸಿಟ್ಟು ನನಗೆ ಇಂದಿಗೂ ಇಳಿದಿಲ್ಲ. ನಾನು ಮತ್ತೆ ರಾಜ್ಯೋತ್ಸವಕ್ಕೆ ಹೋಗಿಲ್ಲ.

ಕಾರ್ಯಕ್ರಮದ ಮಾರನೆಯ ಬೆಳಿಗ್ಗೆ ಕಸದ ಡಬ್ಬಿ ತಳ್ಳಿಕೊಂಡು ಹೊರಗೆ ಬಂದರೆ ಅವರು ನನ್ನ ಡ್ರೈವ್‌ವೇಯಲ್ಲಿ ನಿಂತಿದ್ದರು. ಹಿಂದಿನ ದಿನದ್ದೇ ಸೂಟು, ನೀಟಾಗಿ ಕಟ್ಟಿದ ಟೈ. ಕಣ್ಣು ನಿಚ್ಚಳವಾಗಿತ್ತು.

"ಒಂದು ಸಲ ಕೇಳಿಬಿಡಿ," ಎಂದರು. ಕೇಳಿದೆ. "ನಿಮ್ಮ ಹುಡುಗರು ಓಡಲಿ, ಚೆಂಡು ಹಿಡಿಯಲಿ. ಡಿಕ್ಕಿ ಹೊಡೆಯುವ ಆಟಕ್ಕೆ ಮಾತ್ರ ಇಷ್ಟು ಬೇಗ ಕಳಿಸಬೇಡಿ. ನನಗೆ ಹೆಲ್ಮೆಟ್ ಹಾಕಿದಾಗ ನಾನೂ ಅವರಷ್ಟೇ ಚಿಕ್ಕವನಿದ್ದೆ. ನಮ್ಮಪ್ಪ ಬೇಲಿಯಾಚೆ ನಿಂತು ಚಪ್ಪಾಳೆ ಹೊಡೆದ. ನನ್ನನ್ನು ಹಾಳು ಮಾಡಿದ್ದು ಒಂದು ದೊಡ್ಡ ಪೆಟ್ಟಲ್ಲ. ಯಾರೂ ಲೆಕ್ಕಕ್ಕೆ ಇಡದ ಸಣ್ಣ ಪೆಟ್ಟುಗಳು. ನನ್ನ ಹೆಂಡತಿಯ ಹೆಸರು ಕೆಲವು ಸಂಜೆ ನನಗೆ ಹೊಳೆಯುವುದಿಲ್ಲ." ಒಂದು ಅಕ್ಷರವೂ ತಪ್ಪಲಿಲ್ಲ. ಕೇಳಿಸಿಕೊಂಡವಳು ಮಕ್ಕಳಿಲ್ಲದ ನಾನೊಬ್ಬಳೇ.

"ಇಷ್ಟು ಹೇಳಿದ್ರೆ ಸಾಕಾ?" ಎಂದು ಕೇಳಿದರು.

ಸಾಕು ಎಂದೆ.

"ಹಾಗಾದ್ರೆ ಹೊರಡೋಣ. ಸಭೆಯಲ್ಲಿ ಜನ ಕಾಯ್ತಿರ್ತಾರೆ," ಎಂದು ನನ್ನ ಕಾರಿನ ಬಾಗಿಲು ತೆಗೆದು ಕೂತರು.