ಟೈಲರ್ ಎಂಬ ಅಡ್ಡಹೆಸರು

ನಮ್ಮ ಕಡೆ ಅಡ್ಡಹೆಸರಿಲ್ಲದ ಮನೆಗಳು ಬಹಳ. ನಮ್ಮದೂ ಅಂಥದೇ. ಕಾರ್ಕಳದ ಹತ್ತಿರದ ಸಣ್ಣ ಪೇಟೆಯಲ್ಲಿ ಅಪ್ಪ ಬಟ್ಟೆ ಹೊಲಿಯುತ್ತಿದ್ದರು. ಊರವರಿಗೆ ಅವರು ಬರೀ ‘ಟೈಲರ್’, ನಾವು ಟೈಲರನ ಮಕ್ಕಳು. ನಾನು ಪಾಸ್‌ಪೋರ್ಟ್ ಮಾಡಿಸಲು ಮಂಗಳೂರಿಗೆ ಹೋದಾಗ ಏಜೆಂಟರು, ಅಡ್ಡಹೆಸರು ಖಾಲಿ ಬಿಟ್ಟರೆ ಗಲ್ಫಿನಲ್ಲಿ ರಗಳೆ ಆಗುತ್ತದೆ ಎಂದು ಹೆದರಿಸಿದರು. ಮನೆಯವರನ್ನು ಜನ ಏನೆಂದು ಕರೆಯುತ್ತಾರೆ ಎಂದು ಕೇಳಿದರು. ಹೇಳಿದೆ. ಅದನ್ನೇ ಬರೆದುಬಿಟ್ಟರು. ಅಪ್ಪನಿಗೆ ತೋರಿಸಿದಾಗ ಅವರಿಗೆ ನಗು ತಡೆಯಲಾಗಲಿಲ್ಲ.

ದುಬೈಯಲ್ಲಿ ನನ್ನ ಕೆಲಸ ನೈಫ್ ಎಂಬ ಹಳೇ ಪೇಟೆಯ ಒಂದು ಅಂಗಡಿಯಲ್ಲಿ. ಹೋಟೆಲು, ಆಸ್ಪತ್ರೆಗಳ ಸಿಬ್ಬಂದಿಗೆ ಯೂನಿಫಾರ್ಮು ಹೊಲಿಯುವ ಅಂಗಡಿ ಅದು. ಕೆಳಗೆ ಬಟ್ಟೆಯ ಥಾನುಗಳು, ಮೇಲೆ ಕಿಟಕಿಯಿಲ್ಲದ ಅಟ್ಟದಲ್ಲಿ ನಮ್ಮ ಮಿಷನ್ನುಗಳು. ಮಾಲೀಕರು ಉಡುಪಿ ಕಡೆಯವರು. ಅವರನ್ನು ಎಲ್ಲರೂ ಧಣಿ ಎನ್ನುತ್ತಿದ್ದೆವು. ಕೆಟ್ಟವರಲ್ಲ. ಶುಕ್ರವಾರ ಮನೆಯಿಂದ ಮೀನು ಸಾರು ಕಳಿಸುತ್ತಿದ್ದರು. ನನಗೆ ಜ್ವರ ಬಂದಾಗ ತಾವೇ ಕಾರಿನಲ್ಲಿ ಕೂರಿಸಿಕೊಂಡು ಡಾಕ್ಟರ ಹತ್ತಿರ ಹೋಗಿದ್ದರು. ನಮ್ಮೆಲ್ಲರ ಪಾಸ್‌ಪೋರ್ಟುಗಳನ್ನು ಮಾತ್ರ ಅವರ ಮೇಜಿನ ಖಾನೆಯೊಳಗೆ ಬೀಗ ಹಾಕಿ ಇಟ್ಟುಕೊಂಡಿದ್ದರು.

ನನ್ನ ವೀಸಾದಲ್ಲಿ ಉದ್ಯೋಗದ ಜಾಗದಲ್ಲೂ ಟೈಲರ್ ಎಂದೇ ಇತ್ತು. ಆಗಿನ ಕಾಲಕ್ಕೆ ಆ ವೀಸಾದವರು ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವಂತಿರಲಿಲ್ಲ. ಮದುವೆಯಾಗಿ ಹೋದವನು ಮಗಳನ್ನು ಮೊದಲ ಸಲ ನೋಡಿದ್ದು ಅವಳು ಗೋಡೆ ಹಿಡಿದು ನಡೆಯುತ್ತಿದ್ದಾಗ. ಎತ್ತಿಕೊಳ್ಳಲು ಹೋದರೆ ಅತ್ತು ತಾಯಿಯ ಸೆರಗಿನ ಹಿಂದೆ ಅಡಗಿದಳು.

ಅಬುಧಾಬಿಯ ಖಾಲಿದಿಯಾ ಬಡಾವಣೆಯಲ್ಲಿ ಹೊಸದಾಗಿ ತೆರೆಯಲಿದ್ದ ಒಂದು ಹೋಟೆಲಿನಿಂದ ದೊಡ್ಡ ಆರ್ಡರ್ ಬಂತು. ಸಿಬ್ಬಂದಿಯ ಅಳತೆ ತೆಗೆಯಲು ಧಣಿ ನನ್ನನ್ನು ಅಲ್ಲಿಗೆ ಕಳಿಸಿದರು. ಹಿಂಬಾಗಿಲಿನ ಕಾವಲುಗಾರ ನನ್ನ ಕಾರ್ಡು ನೋಡಿ ಫೋನೆತ್ತಿದ, ನಿಮ್ಮನ್ನು ನೋಡಲು ಮಿಸ್ಟರ್ ಟೈಲರ್ ಬಂದಿದ್ದಾರೆ ಎಂದ. ಆಚೆಯವರು ಎರಡು ಸಲ ಕೇಳಿರಬೇಕು, ಅವನು ಎರಡು ಸಲವೂ ಅದನ್ನೇ ಹೇಳಿದ. ಸ್ವಲ್ಪ ಹೊತ್ತಿಗೆ ನಡುವಯಸ್ಸಿನ ಇಂಗ್ಲಿಷ್ ಹೆಂಗಸೊಬ್ಬರು ಅವಸರದಿಂದ ಇಳಿದು ಬಂದು ನನ್ನ ತಲೆಯ ಮೇಲಿಂದ ಆಚೆ ಯಾರನ್ನೋ ಹುಡುಕಿದರು. ಆಮೇಲೆ ನನ್ನ ಕೊರಳಿನ ಟೇಪು ನೋಡಿದರು.

“ನಾನು ಟೈಲರ್,” ಎಂದರು.

“ಹೌದು ಮೇಡಂ, ನಾನೂ ಟೈಲರ್,” ಎಂದೆ.

ಅವರು ನಕ್ಕದ್ದಕ್ಕೆ ಕಾರಣ ನನಗೆ ಹೊಳೆಯಲಿಲ್ಲ. ತಮ್ಮ ಎದೆಯ ಮೇಲಿನ ಬಿಲ್ಲೆ ತೋರಿಸಿದರು. ಅವರ ಅಡ್ಡಹೆಸರೂ ಟೈಲರ್. ನನ್ನದರಲ್ಲಿ ಐ ಇದ್ದ ಕಡೆ ಅವರದರಲ್ಲಿ ವೈ. ತವರಿನಿಂದ ಅಣ್ಣನೇ ಹೇಳದೆ ಕೇಳದೆ ಬಂದುಬಿಟ್ಟನೇನೋ ಎಂದು ಓಡಿ ಬಂದಿದ್ದರಂತೆ.

ಅವರು ಅಲ್ಲಿನ ಹೌಸ್‌ಕೀಪಿಂಗ್ ಮುಖ್ಯಸ್ಥೆ. ಅಳತೆಗೆ ಒಬ್ಬೊಬ್ಬರೇ ಬರುವ ನಡುವೆ ಆ ಹೆಸರಿನ ಕಥೆ ಹೇಳಿದರು. ಹಿಂದೆ ಅವರ ದೇಶದಲ್ಲೂ ಜನಕ್ಕೆ ಒಂದೇ ಹೆಸರಿತ್ತಂತೆ. ಒಂದೇ ಊರಿನಲ್ಲಿ ಅದೇ ಹೆಸರಿನವರು ನಾಲ್ಕಾರು ಜನರಾದಾಗ ಗುರುತಿಗೆ ಕಸುಬು ಸೇರಿಸಿದರು. ಕಬ್ಬಿಣ ಬಡಿಯುವವನು ಸ್ಮಿತ್, ರೊಟ್ಟಿ ಸುಡುವವನು ಬೇಕರ್, ಬಟ್ಟೆ ಕತ್ತರಿಸುವವನು ಟೈಲರ್. ಆ ಪದವೂ ಇಂಗ್ಲಿಷರದಲ್ಲವಂತೆ. ಅವರನ್ನು ಗೆದ್ದು ಆಳಿದವರ ಫ್ರೆಂಚ್ ಮಾತಿನಿಂದ ಬಂದದ್ದು, ಕತ್ತರಿಸು ಎಂದು ಅದರ ಅರ್ಥ. ಬರೆಯುವವರ ಕೈಯಲ್ಲಿ ಯಾವಾಗಲೋ ಐ ಹೋಗಿ ವೈ ಬಂತು. ಬಟ್ಟೆ ಎಲ್ಲರಿಗೂ ಬೇಕು, ಟೈಲರ್ ಇಲ್ಲದ ಪೇಟೆ ಇರಲಿಲ್ಲ. ಹಾಗಾಗಿ ಈಗ ಅಲ್ಲಿ ಎಲ್ಲಿ ನೋಡಿದರೂ ಆ ಹೆಸರಿನವರೇ. ಅವರ ಶಾಲೆಯಲ್ಲಿ ಒಂದೇ ತರಗತಿಯಲ್ಲಿ ಮೂವರಿದ್ದರಂತೆ. ಅವರ ಅಪ್ಪ ಬಸ್ಸು ಓಡಿಸುತ್ತಿದ್ದರು, ಅಜ್ಜ ಕಲ್ಲಿದ್ದಲ ಗಣಿಗೆ ಇಳಿಯುತ್ತಿದ್ದರು. ಮನೆಯಲ್ಲಿ ಸೂಜಿ ಹಿಡಿದವರನ್ನು ಕಂಡವರೇ ಇಲ್ಲ. ತನಗೆ ಗುಂಡಿ ಹೊಲಿಯಲೂ ಬಾರದು ಎಂದರು.

ನೈಫ್‌ಗೆ ಮರಳುವ ಬಸ್ಸಿನಲ್ಲಿ ಅದೇ ಯೋಚನೆ. ಅವರ ಹೆಸರಿನಿಂದ ಕೆಲಸ ಕಳಚಿ ಬಿದ್ದು ಎಷ್ಟೋ ತಲೆಮಾರು ಆಗಿತ್ತು. ನನಗೆ ಹೆಸರು, ಕೆಲಸ, ವೀಸಾ ಮೂರೂ ಒಂದಕ್ಕೊಂದು ಹೊಲಿದುಕೊಂಡಿದ್ದವು.

ಮತ್ತೆ ಕೆಲವು ಸಲ ಹೋದೆ. ಅಲ್ಲಿನ ಯೂನಿಫಾರ್ಮು ಕೋಣೆ ಗೊಂದಲದ ಗೂಡಾಗಿತ್ತು. ಇಲಾಖೆ, ಅಳತೆ ನೋಡಿ ಅದನ್ನು ಒಪ್ಪ ಮಾಡಿಕೊಟ್ಟೆ. ಕೊನೆಯ ಸಲ ಮೇಡಂ, ಈ ಕೋಣೆ ನೋಡಿಕೊಳ್ಳಲು ನೀನೇ ಬಾ ಎಂದರು. ಸೂಪರ್‌ವೈಸರ್ ವೀಸಾ, ಸಂಸಾರವನ್ನು ಕರೆಸಬಹುದು.

ಧಣಿ ಕೆಳಗೆ ಚಹಾ ಕುಡಿಯುತ್ತಿದ್ದಾಗ ಹೋಗಿ ನಿಂತೆ.

“ಧಣಿ, ಒಂದು ಮಾತುಂಟು.”

“ಎಂತ ಮಾರಾಯ, ಊರಿಗೆ ಹೋಗ್ಬೇಕಾ?”

“ಅಲ್ಲ. ಅಬುಧಾಬಿ ಹೋಟೆಲಲ್ಲಿ ಕೆಲಸ ಕೊಡ್ತಾರಂತೆ. ಹೆಂಡತಿ ಮಗಳನ್ನು ಕರ್ಕೊಂಡು ಬರ್ಲಿಕ್ಕೆ ಆಗ್ತದೆ. ನನ್ನನ್ನು ಬಿಡ್ಲಿಕ್ಕೆ ಅಡ್ಡಿಯಿಲ್ಲ ಅಂತ ನೀವು ಒಂದು ಎನ್‌ಓಸಿ ಕೊಟ್ರೆ...”

ಅವರು ಗ್ಲಾಸು ಕೆಳಗಿಟ್ಟರು. “ನನ್ನ ಗಿರಾಕಿ ಹತ್ರವೇ ಹೋಗ್ತೀಯಾ? ಊರಿಂದ ಕರ್ಕೊಂಡು ಬಂದದ್ದು ಇದಕ್ಕಾ?” ದನಿ ಏರಿಸಲಿಲ್ಲ. “ನಿನ್ನ ಪಾಸ್‌ಪೋರ್ಟ್ ನನ್ನತ್ರ ಜಾಗ್ರತೆ ಉಂಟು. ಮೇಲೆ ಹೋಗಿ ಆ ಕೋಟುಗಳನ್ನು ಮುಗಿಸು. ಖಲಾಸ್.”

ಎರಡು ವರ್ಷದ ಹೊಸ ಕರಾರಿಗೆ ಸಹಿ ಹಾಕಿ ಆಗಿನ್ನೂ ಮೂರೇ ತಿಂಗಳಾಗಿತ್ತು. ನಡುವೆ ಬಿಟ್ಟರೆ ಬ್ಯಾನ್, ಬೇರೆ ಎಲ್ಲೂ ಸೇರುವಂತಿಲ್ಲ. ಮೇಡಂ ತಾವೇ ಧಣಿಗೆ ಫೋನ್ ಮಾಡಿದರು, ಒಮ್ಮೆ ಅಂಗಡಿಗೂ ಬಂದರು. ಧಣಿ ಅವರಿಗೆ ಜ್ಯೂಸು ತರಿಸಿ, ಇವನು ನನ್ನ ಮಗನ ಹಾಗೆ ಎಂದು ಬೆನ್ನು ತಟ್ಟಿದರು. ಹೊರಡುವಾಗ ಮೇಡಂ ನನ್ನ ಕೈ ಕುಲುಕಿ, ಕೋಣೆಗೆ ಬೇರೆಯವರನ್ನು ತೆಗೆದುಕೊಳ್ಳಬೇಕಾಗಿದೆ ಎಂದರು. ಅವರೂ ಮುಂದಿನ ವರ್ಷ ಬೇರೆ ದೇಶಕ್ಕೆ ಹೋದರೆಂದು ಕೇಳಿದೆ.

ಅಲ್ಲಿಂದಾಚೆ ಅಬುಧಾಬಿಗೆ ಬೇರೆಯವರು ಹೋಗತೊಡಗಿದರು. ನನಗೆ ಅಟ್ಟ, ಅಟ್ಟದಿಂದ ಹಿಂದಿನ ಗಲ್ಲಿಯ ರೂಮು, ರೂಮಿನಿಂದ ಮತ್ತೆ ಅಟ್ಟ. ಬೇಸಿಗೆ ಬಂದದ್ದು ಗೊತ್ತಾಗುತ್ತಿದ್ದುದು ಇಸ್ತ್ರಿ ಪೆಟ್ಟಿಗೆಯ ಹತ್ತಿರ ನಿಲ್ಲಲಾಗದೆ ಹೋದಾಗ. ಶುಕ್ರವಾರದ ಮೀನು ಸಾರು ಬರುತ್ತಲೇ ಇತ್ತು. ಬೇಡ ಎನ್ನುವ ಧೈರ್ಯ ಬರಲಿಲ್ಲ, ಉಂಡೆ.

ಹೆಂಡತಿಗೆ ಫೋನಿನಲ್ಲಿ ಎಲ್ಲ ಹೇಳಿದ್ದೆ. ಅವಳು, “ಆ ಹೆಸರನ್ನು ತೆಗಿಲಿಕ್ಕೆ ಆಗುದಿಲ್ವಾ?” ಎಂದು ಕೇಳಿದಳು. ಅಡ್ಡಿ ಇರುವುದು ಹೆಸರಿನಲ್ಲಲ್ಲ, ವೀಸಾದಲ್ಲಿ ಬರೆದ ಕೆಲಸದಲ್ಲಿ ಎಂದೆ.

“ಎರಡೂ ಒಂದೇ ಅಲ್ವಾ?” ಎಂದಳು.

ಕರಾರು ಮುಗಿಯುವ ಹೊತ್ತಿಗೆ ಧಣಿ ಹೊಸ ಕಾಗದ ಮುಂದಿಟ್ಟರು. ಸಹಿ ಹಾಕುವುದಿಲ್ಲ ಎಂದೆ. ಕೆಲವು ದಿನ ಕಳೆದು ಒಂದು ಬೆಳಿಗ್ಗೆ ಅವರೇ ಬೀಗ ತೆಗೆದು ಪಾಸ್‌ಪೋರ್ಟನ್ನು ನನ್ನ ಮಿಷನ್ನಿನ ಮೇಲಿಟ್ಟು, ಈದ್ ಕೆಲಸ ಮುಗಿಸಿ ಹೋಗು ಎಂದರು. ಮುಗಿಸಿಯೇ ಹೋದೆ. ಅಷ್ಟರಲ್ಲಿ, ಯೂನಿಫಾರ್ಮು ಹೊಲಿಸಲು ಬರುತ್ತಿದ್ದ ಮಂಗಳೂರಿನ ಕೊಂಕಣಿ ನರ್ಸೊಬ್ಬರು ಅಲ್ ಐನ್ ಊರಿನ ಆಸ್ಪತ್ರೆಯೊಂದರಲ್ಲಿ ಬಟ್ಟೆಬರೆ ವಿಭಾಗಕ್ಕೆ ಜನ ಬೇಕೆಂದು ಹೇಳಿದ್ದರು. ಅಲ್ಲಿ ಸೇರಿದೆ. ವೀಸಾದಲ್ಲಿ ಬೇರೆ ಪದ ಬಿತ್ತು. ಮರುವರ್ಷ ಹೆಂಡತಿ, ಮಗಳು ಬಂದರು.

ಶಾಲೆಯಲ್ಲಿ ಮಗಳ ಹೆಸರಿನ ಕೊನೆಗೆ ಟೈಲರ್ ಸೇರಿತು. ಜೊತೆಯ ಮಕ್ಕಳು ನೀನು ಇಂಗ್ಲೆಂಡಿನವಳಾ ಎಂದು ಕೇಳಿದರಂತೆ. ಅವಳು ಮನೆಗೆ ಬಂದು, ಇದು ನಿಜವಾದ ಹೆಸರಾ ಎಂದು ಇಂಗ್ಲಿಷಿನಲ್ಲೇ ಕೇಳಿದಳು. ಕತ್ತರಿಸುವವರ ಕಥೆ ಹೇಳಿದೆ. ಅಜ್ಜನ ಅಂಗಡಿಯ ಕಥೆಯನ್ನೂ ಹೇಳಿದೆ. ಅಷ್ಟೊಂದು ಜನ ಇದ್ದಾರಾ ಎಂದು ಅವಳಿಗೆ ಖುಷಿಯಾಯಿತು.

ಹೆಂಡತಿಗೆ ಮಾತ್ರ ನಮ್ಮ ಆ ಎರಡು ಕೋಣೆಯ ಮನೆ ಒಗ್ಗಲಿಲ್ಲ. ಕೆಳಗಿಳಿದರೆ ಬಿಸಿಲು, ಮೇಲೆ ಕೂತರೆ ಎ.ಸಿ. ಸದ್ದು, ಮಾತಾಡಲು ಪಕ್ಕದ ಮನೆಯವರ ಗುರುತಿಲ್ಲ. ಒಂದು ಮಧ್ಯಾಹ್ನ ನಾನು ಬೇಗ ಬಂದಾಗ ಕಿಟಕಿಯ ಹತ್ತಿರ ನಿಂತಿದ್ದಳು.

“ಇಲ್ಲಿ ನಂಗೆ ಉಸಿರು ಕಟ್ಟಿದ ಹಾಗೆ ಆಗ್ತದೆ. ನೀವು ಅಷ್ಟು ವರ್ಷ ಹೇಗೆ ಇದ್ರಿ?”

ಬಿಸಿಲು ಇಳಿದ ಮೇಲೆ ಮೂವರೂ ಹೊರಟು, ಖರ್ಜೂರದ ತೋಟದ ಒಳದಾರಿಯಲ್ಲಿ ಕತ್ತಲಾಗುವವರೆಗೆ ನಡೆದೆವು.