ವೇದಕ್ಕ ಮತ್ತು ಅಣಬೆಯ ಮದ್ದು

ಸಿಟ್ಟು ಬಂದಷ್ಟೂ ವೇದಕ್ಕನ ದನಿ ತಗ್ಗುತ್ತಿತ್ತು. ಅವರು ಪಿಸುಮಾತಿಗಿಳಿದರೆ ವಾರ್ಡಿನಲ್ಲಿ ನಾವೆಲ್ಲ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದೆವು. ಹಂದನಕೆರೆಯವರು, ಮನೋವೈದ್ಯ ತರಬೇತಿಯಲ್ಲಿ ನನಗಿಂತ ಹಿರಿಯರು. ರೋಗಿಗಳಿಗೆ ಬಹುವಚನ, ನಮಗೆ ಸಲಿಗೆಯ ‘ಲಾ’.

ಒಮ್ಮೆ ಸೆಮಿನಾರಿನಲ್ಲಿ ನಾನು, ಭ್ರಮೆ ಹುಟ್ಟಿಸುವ ಅಣಬೆಯ ಸತ್ವದಿಂದ ಖಿನ್ನತೆಗೆ ಚಿಕಿತ್ಸೆ ಕೊಡುವ ವಿಚಾರ ಮಂಡಿಸಿದೆ. ನಮ್ಮಲ್ಲಿ ಅದಕ್ಕೆ ಅನುಮತಿಯಿಲ್ಲ. ಹೊರದೇಶಗಳಲ್ಲಿ ಪ್ರಯೋಗಗಳು ನಡೆದಿವೆ. ಕೆಲವರು “ಡಾಕ್ಟರು ಬರ್ಕೊಡೋ ನಶೆ” ಎಂದು ನಕ್ಕರು. ಕೆಲವರು ನನ್ನ ಹಾಗೇ ಉತ್ಸಾಹಗೊಂಡಿದ್ದರು. ವೇದಕ್ಕನ ದನಿ ಮಾತ್ರ ಇಳಿಯಿತು.

“ನುಂಗಿಸಿದ ಮೇಲೆ ಇಡೀ ದಿನ ಪಕ್ಕದಲ್ಲಿ ಕೂರೋರು ಯಾರ್ಲಾ? ಹೆದರಿ ಎದ್ದು ಓಡಿದ್ರೆ ಹಿಡಿಯೋರು ಯಾರು?”

ಹಳೇ ಕಾಲದವರು ಎಂದುಕೊಂಡೆ.

ಆ ಬೇಸಿಗೆ ನಾವಿಬ್ಬರೂ ತಿಂಗಳಿಗೊಮ್ಮೆ ನಡೆಯುವ ತಿಪಟೂರಿನ ಮನೋರೋಗ ಶಿಬಿರದಲ್ಲಿದ್ದಾಗ ಕಿಬ್ಬನಹಳ್ಳಿಯಿಂದ ಫೋನು ಬಂತು. ಅಲ್ಲಿನ ಕೊಬ್ಬರಿ ವ್ಯಾಪಾರಿ ರುದ್ರಪ್ಪನವರು ವೇದಕ್ಕನ ರೋಗಿ. ಅಣ್ಣ ಸತ್ತಾಗಿನಿಂದ ಮಂಕಾಗಿದ್ದರು. ಯಾವ ಮಾತ್ರೆಗೂ ಜಗ್ಗಿರಲಿಲ್ಲ. ಮೊಬೈಲಿನಲ್ಲಿ ಇದೇ ಅಣಬೆಯ ಚಿಕಿತ್ಸೆಯ ವಿಡಿಯೋ ನೋಡಿ, ಯಾರಿಂದಲೋ ಒಣಗಿದ ಅಣಬೆ ತರಿಸಿ, ಬೆಳಿಗ್ಗೆ ತಿಂದಿದ್ದರು. “ಕೊಬ್ಬರಿ ಅಟ್ಟದ ಅಂಚಲ್ಲಿ ನಿಂತವ್ರೆ, ಹತ್ರ ಬಂದ್ರೆ ಹಾರ್ತೀನಿ ಅಂತಾರೆ,” ಎಂದು ಅವರ ಹೆಂಡತಿ ಅಳುತ್ತಿದ್ದರು.

ನಾವು ತಲುಪಿದಾಗ, ತೆಂಗಿನಕಾಯಿ ಒಣಗಲು ಹರವಿದ್ದ ಆ ಎತ್ತರದ ಅಟ್ಟದ ಕೆಳಗೆಲ್ಲ ಜನ. ವೇದಕ್ಕ ಅವರನ್ನು ಹೊರಗೆ ಕಳಿಸಿ, ಏಣಿಯ ಬುಡದಲ್ಲಿ ಕೂತರು.

“ಕಾಯೆಲ್ಲ ಉಸಿರಾಡ್ತಾ ಅವೆ, ಮೇಡಮ್ಮೋರೆ.” ರುದ್ರಪ್ಪನವರ ಹಲ್ಲು ಕಟಕಟ ಎನ್ನುತ್ತಿತ್ತು.

“ಆಡ್ಲಿ ಬುಡಿ. ನೀವೂ ಆಡಿ. ನಾನು ಎಲ್ಲೂ ಹೋಗಲ್ಲ.”

ರುದ್ರಪ್ಪನವರ ಕಾಲು ತಾಗಿ ಕಾಯೊಂದು ಉರುಳಿ, ವೇದಕ್ಕನ ಪಕ್ಕದಲ್ಲೇ ಬಿದ್ದು ಒಡೆಯಿತು. ನಾನು ಎದ್ದೆ. ವೇದಕ್ಕ ಕಣ್ಣಲ್ಲೇ ಕೂರಿಸಿದರು. ಎಷ್ಟೋ ಹೊತ್ತಿನ ಮೇಲೆ ರುದ್ರಪ್ಪನವರು ಹಿಂದೆ ಸರಿದು ಕಾಯಿಗಳ ನಡುವೆ ಕುಸಿದರು. ಆಗ ವೇದಕ್ಕ ಮೆಲ್ಲಗೆ ಏಣಿ ಹತ್ತಿ ಅವರ ನಾಡಿ ಹಿಡಿದರು. ಬಿಸಿಲು ಇಳಿಯುವವರೆಗೂ ಕೈ ಬಿಡಲಿಲ್ಲ. ರುದ್ರಪ್ಪನವರು ಅಣ್ಣನ ಹೆಸರು ಹೇಳಿಕೊಂಡು ಅತ್ತರು. ಅಣ್ಣ ಸತ್ತ ದಿನವೂ ಅತ್ತಿರಲಿಲ್ಲವಂತೆ.

ಮರಳುವಾಗ ಕಾರಿನಲ್ಲಿ, “ನೋಡಿದ್ರಾ, ಅಣಬೆ ಕೆಲಸ ಮಾಡ್ತು,” ಎಂದೆ.

“ಒಂದು ಹೆಜ್ಜೆ ಮುಂದೆ ಇಟ್ಟಿದ್ರೆ ಏನಂತಿದ್ದೆ?” ಕಿವಿಗೊಟ್ಟು ಕೇಳಬೇಕಾಯಿತು.

ಕೆಲವು ವಾರ ರುದ್ರಪ್ಪನವರ ಮುಖ ಗೆಲುವಾಗಿತ್ತು. ಮತ್ತೆ ಮಂಕು ಕವಿಯಿತು. ಶಿಬಿರಕ್ಕೆ ಬಂದು ತಲೆ ತಗ್ಗಿಸಿಯೇ ಕೇಳಿದರು: “ಇನ್ನೊಂದ್ಸಲ ತಿನ್ಲಾ ಮೇಡಮ್ಮೋರೆ? ನೀವು ಜೊತೇಲಿ ಕೂರೋದಾದ್ರೆ?”

“ಬೇಡ್ರೀ,” ಎಂದರು ವೇದಕ್ಕ. ರುದ್ರಪ್ಪನವರು ಹೋದ ಮೇಲೆ ಕಿಟಕಿಯ ಕಡೆ ತಿರುಗಿ ನಿಂತರು.

ತರಬೇತಿ ಮುಗಿದು ವೇದಕ್ಕನಿಗೆ ತುರುವೇಕೆರೆಯಲ್ಲಿ ಕೆಲಸ ಸಿಕ್ಕಿತು. ಹೊರಡುವ ದಿನ ಬಸ್‌ಸ್ಟ್ಯಾಂಡಿನಲ್ಲಿ ಕೇಳಿಯೇಬಿಟ್ಟೆ: “ಈಗ ನೀವು ಪರವಾ, ವಿರೋಧವಾ?”

“ಗೊತ್ತಿಲ್ಲ ಕಣ್ಲಾ. ಅವತ್ತು ಬೇಡ ಅಂದಿದ್ದು ಸರೀನಾ ಅಂತಾನೂ ಗೊತ್ತಿಲ್ಲ. ಆವಯ್ಯನ್ನ ಬುಡಬೇಡ, ನೋಡ್ಕೊ,” ಎಂದು ಬಸ್ಸು ಹತ್ತಿದರು.

ಮಳೆಗಾಲ ಮುಗಿಯುವ ಮುಂಚೆ, ಮೆದುಳಿನಲ್ಲಿ ರಕ್ತಸ್ರಾವವಾಗಿ ವೇದಕ್ಕ ತೀರಿಕೊಂಡರು. ಮುಂದಿನ ಶಿಬಿರಕ್ಕೆ ಬಂದ ರುದ್ರಪ್ಪನವರು ನನ್ನೆದುರು ಕೂತು, “ಮೇಡಮ್ಮೋರು ಹೆಂಗವ್ರೆ?” ಎಂದರು. ಹೇಳಿದೆ. ಅವರು ಕೂತಲ್ಲೇ ಅಳತೊಡಗಿದರು. ನಾನು ಎದ್ದು ಹೋಗಿ ಅವರ ಪಕ್ಕದಲ್ಲಿ ಕೂತೆ.