ಕಾಡಿನ ಕೆಂಡದ ಮೇಲೆ ಇಪ್ಪತ್ತೆಂಟು ಮೊಟ್ಟೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗುಡಾರಗಳ ನಡುವೆ, ಮೂರು ಕಲ್ಲಿನ ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತ ಹೆಂಗಸು ಉರಿಯುವ ಕೊಳ್ಳಿಗಳನ್ನು ಹಿಂದಕ್ಕೆಳೆದು, ಕೆಂಡವನ್ನಷ್ಟೇ ಕಾವಲಿಯ ಕೆಳಗೆ ಹರವುತ್ತಿದ್ದಾರೆ. ಉರಿಗೆ ಇಟ್ಟರೆ ಮೊಟ್ಟೆಯ ತಳ ಸೀದು, ಮೇಲೆಲ್ಲ ಹಸಿಯಾಗೇ ಉಳಿಯುತ್ತದಂತೆ. ಪ್ರತಿ ಮೊಟ್ಟೆಯನ್ನೂ ಮೊದಲು ಲೋಟಕ್ಕೆ ಒಡೆದು, ಮೂಸಿ ನೋಡಿ, ಆಮೇಲೆ ಎಣ್ಣೆಗೆ ಜಾರಿಸುತ್ತಾರೆ.

ಕಾಡಿನಲ್ಲಿ ಮರ ಎಣಿಸುವ ಹದಿನಾಲ್ಕು ಮಂದಿಯ ತಂಡಕ್ಕೆ ಇವರೇ ಅಡುಗೆಯವರು. ಎಲ್ಲರ ಬಾಯಲ್ಲೂ ‘ಮೊಟ್ಟೆ ಅಕ್ಕ’. ತಲೆಗೆ ಎರಡರಂತೆ ಬೆಳಗ್ಗೆ ಇಪ್ಪತ್ತೆಂಟು ಮೊಟ್ಟೆ. ವಾರಕ್ಕೊಮ್ಮೆ ಇನ್ನೂರು ಮೊಟ್ಟೆಗಳನ್ನು ಹೊಟ್ಟು ತುಂಬಿದ ಡಬ್ಬಗಳಲ್ಲಿಟ್ಟು, ಬೆನ್ನಿಗೆ ಕಟ್ಟಿಕೊಂಡು ಎರಡು ಗಂಟೆ ಏರು ಹತ್ತುತ್ತಾರೆ. “ದಾರೀಲಿ ಒಡೆದಿದ್ದು ನನ್ನ ಪಾಲು. ಅದಕ್ಕೇ ಹುಷಾರಾಗಿ ನಡೀತೀನಿ, ಹೊಟ್ಟೆಬಾಕಿ ಅಂತ ಹೆಸರು ಬರಬಾರ್ದಲ್ಲ” ಎಂದು ನಗುತ್ತಾರೆ.

ಒಂಬತ್ತು ವರ್ಷಗಳ ಹಿಂದೆ ಇವರು ಅಡುಗೆ ಮಾಡುತ್ತಿದ್ದ ಹಾಸ್ಟೆಲ್ ಮುಚ್ಚಿತು. ಇದೇ ತಂಡದಲ್ಲಿದ್ದ ತಮ್ಮ ಇಲ್ಲಿಗೆ ಕರೆತಂದ. ಮೊದಲ ತಿಂಗಳು ಹೊಗೆಗೆ ಕಣ್ಣು ಊದಿಕೊಂಡು ವಾಪಸ್ ಹೋಗಿಬಿಡೋಣ ಅನ್ನಿಸಿತ್ತು.

ಕಳೆದ ವರ್ಷ ತಮ್ಮನೂ ಸೇರಿ ನಾಲ್ವರು ಗುಡ್ಡದಾಚೆ ಹೋದವರು ಸಂಜೆಗೆ ಮರಳಲಿಲ್ಲ. ಬೆಳಗಾದರೆ ಎದುರಿನ ಗುಡಾರವೂ ಕಾಣದಷ್ಟು ಮಂಜು. ಹುಡುಕಲು ಹೊರಟವರೂ ದಾರಿ ತಪ್ಪುತ್ತಾರೆಂದು ತಂಡದ ಮುಖ್ಯಸ್ಥರು ಯಾರನ್ನೂ ಬಿಡಲಿಲ್ಲ. ದೂರಕ್ಕೆ ಗುರುತು ಸಿಗಲೆಂದು ಒಲೆ ಹೊತ್ತಿಸಿದರೆ ಹೊಗೆ ಮಂಜಿನಲ್ಲೇ ಕರಗಿಹೋಯಿತು. ಅಕ್ಕ ಕಬ್ಬಿಣದ ಕಾವಲಿಯನ್ನು ತಂತಿಯಿಂದ ಕೊಂಬೆಗೆ ನೇತುಹಾಕಿ ಸೌಟಿನಿಂದ ಬಾರಿಸತೊಡಗಿದರು. ಬಾರಿಸುವುದು, ನಿಲ್ಲಿಸಿ ಕಿವಿಗೊಡುವುದು, ಮತ್ತೆ ಬಾರಿಸುವುದು. ಮೂರು ಗಂಟೆ ಹೀಗೇ ಕಳೆದ ಮೇಲೆ ಕೆಳಗಿನ ಕಣಿವೆಯಿಂದ ಸಣ್ಣಗೆ ಒಂದು ಸೀಟಿ ಕೇಳಿಸಿತು. ಅದು ಹತ್ತಿರವಾಗುತ್ತಾ ಬಂತು.

ನಾಲ್ವರೂ ಬಂದರು, ಮೈಯೆಲ್ಲ ಕೆಸರಾಗಿದ್ದರೂ ಕೈಕಾಲು ನೆಟ್ಟಗಿದ್ದವು. ತಮ್ಮ ಏನೋ ಸಮಜಾಯಿಷಿ ಹೇಳಲು ಬಾಯಿ ತೆರೆದ.

“ಮೊದ್ಲು ತಿನ್ನು. ಬೈಯೋದು ಆಮೇಲೆ.”

ಅದೇ ಕಾವಲಿಯನ್ನು ಇಳಿಸಿ, ಒರೆಸಿ, ಕೆಂಡದ ಮೇಲಿಟ್ಟರು. ಲೋಟ ಬಿಟ್ಟು ನೇರ ಎಣ್ಣೆಗೇ ಒಡೆದರು, ಅಷ್ಟೂ ಮೊಟ್ಟೆಗಳ ಹಳದಿ ಒಡೆದುಹೋಯಿತು. ನಾಲ್ವರೂ ತಟ್ಟೆ ಬಳಿದು ತಿಂದರು. ತಮ್ಮ ಎರಡು ಮುಗಿಸಿ ಮತ್ತೆರಡು ಕೇಳಿದಾಗ, ಅಕ್ಕನಿಗೆ ಬೈಯಬೇಕೆಂದಿದ್ದುದೆಲ್ಲ ಮರೆತೇಹೋಯಿತಂತೆ.

ಈಗ ಮಂಡಿ ನೋಯುತ್ತದೆ. ಇನ್ನು ಮನೆಯಲ್ಲಿರು ಎಂದು ತಮ್ಮ ಆಗಾಗ ಹೇಳುತ್ತಾನೆ, ಇವರು ಕಿವಿಗೆ ಹಾಕಿಕೊಳ್ಳುವುದಿಲ್ಲ. ಬೇರೇನು ಆಸೆ ಎಂದು ಕೇಳಿದರೆ, ಕಾವಲಿಯಿಂದ ಕಣ್ಣು ತೆಗೆಯದೆ ಹೇಳುತ್ತಾರೆ:

“ಹದಿನಾಲ್ಕು ತಟ್ಟೆ ಇಟ್ರೆ, ಹದಿನಾಲ್ಕೂ ಎಂಜಲಾಗಿ ತೊಳೆಯೋಕೆ ಬರ್ಬೇಕು. ಅಷ್ಟಾದ್ರೆ ಸಾಕಪ್ಪ.”